‘ಬ್ಯಾಂಡ್‌ವಿಡ್ತ್ ಇಲ್ಲ’ ಎಂದರೆ ಅಮ್ಮ ‘ರೀಚಾರ್ಜ್ ಮಾಡಿಸಿಕೊ’ ಎಂದರು

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಮೊದಲೆರಡು ವರ್ಷ ಯಾವ ಕೆಲಸಕ್ಕೂ ಇಲ್ಲ ಎಂದವಳಲ್ಲ. ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರಿಂದ ‘ಬ್ಯಾಂಡ್‌ವಿಡ್ತ್ ಇಲ್ಲ’ (ಇನ್ನೊಂದು ಕೆಲಸ ಹಿಡಿಯಲು ಬಿಡುವಿಲ್ಲ) ಎನ್ನುವುದನ್ನು ಕಲಿತೆ. ಮಂತ್ರದಂತೆ ಫಲಿಸಿತು. ಈಗ ನಾನು ಬಾಯಿ ತೆರೆಯುವ ಮುನ್ನವೇ ಮ್ಯಾನೇಜರ್ ‘ಗೊತ್ತು, ಬ್ಯಾಂಡ್‌ವಿಡ್ತ್ ಇಲ್ಲ’ ಎಂದು ಎಲ್ಲರೆದುರು ನಗುತ್ತಾರೆ. ಕಳೆದ ವಾರ ಹಾಸನದಿಂದ ಅಮ್ಮ ಫೋನ್ ಮಾಡಿ, ಕಣ್ಣಿನ ಪರೀಕ್ಷೆಗೆ ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಅದೇ ಮಾತು ಬಾಯಿಂದ ಜಾರಿತು. ‘ರೀಚಾರ್ಜ್ ಮಾಡಿಸಿಕೊ, ದುಡ್ಡು ಕಳಿಸುತ್ತೇನೆ’ ಎಂದರು. ರಾತ್ರಿಯೆಲ್ಲ ನಿದ್ದೆಯಿಲ್ಲ. ಈ ಮಾತು ಬಿಟ್ಟರೆ ಎಲ್ಲರ ಕೆಲಸವೂ ಮತ್ತೆ ನನ್ನ ತಲೆಗೇ ಬೀಳುತ್ತದೆ. ಏನು ಮಾಡಲಿ?

ಉತ್ತರ: ಆ ಪದವನ್ನು ನಿಮಗಿಂತ ನಿಮ್ಮ ಅಮ್ಮನೇ ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ. ಅದು ರೇಡಿಯೊ ತಂತ್ರಜ್ಞರ ಮಾತು. ತರಂಗಗಳ ಆವರ್ತನದ ಹರವನ್ನು ಹರ್ಟ್ಸ್‌ನಲ್ಲಿ ಅಳೆದು ಹೇಳುವುದು. ಕಂಪ್ಯೂಟರ್ ಜಾಲಗಳಲ್ಲಿ ಸೆಕೆಂಡಿಗೆ ಎಷ್ಟು ಬಿಟ್ (ಮಾಹಿತಿಯ ಅತಿ ಸಣ್ಣ ತುಣುಕು) ಹರಿಯಬಲ್ಲದು ಎಂಬ ಲೆಕ್ಕಕ್ಕೂ ಅದೇ ಹೆಸರು ಬಂತು. ಎರಡು ಕಡೆಯೂ ಅಳತೆ ಇದೆ. ನಿಮ್ಮ ತಲೆಯೊಳಗಿನದಕ್ಕೆ ಮೀಟರ್ ಎಲ್ಲಿದೆ? ಮ್ಯಾನೇಜರ್ ನಂಬದಿರುವುದು ಅದಕ್ಕೇ. (ಎಲ್ಲರೆದುರು ನಗುವುದು ಅವರ ಸಣ್ಣತನ, ಅದು ಬೇರೆ ಮಾತು.)

ಕನ್ನಡದಲ್ಲಿ ‘ಮಾಡುವುದಿಲ್ಲ’ ಬೇರೆ, ‘ಆಗುವುದಿಲ್ಲ’ ಬೇರೆ. ಮೊದಲನೆಯದು ಹಟ, ಎರಡನೆಯದು ಅಸಹಾಯಕತೆ. ನೀವು ಹೇಳುತ್ತಿರುವುದು ಆಗುವುದಿಲ್ಲ ಎಂದು. ಹತ್ತನೆಯ ಸಲ ಕೇಳಿದವರ ಕಿವಿಗೆ ಬೀಳುವುದು ಮಾಡುವುದಿಲ್ಲ ಎಂದು. ಹಾಗೆ ನೋಡಿದರೆ, ಅಕ್ಕಿ ಮುಗಿದಾಗ ‘ತುಂಬಿದೆ’ ಎನ್ನುವ, ಬಳೆ ಒಡೆದರೆ ‘ಹೆಚ್ಚಿತು’ ಎನ್ನುವ ಮನೆಗಳಲ್ಲಿ ಬೆಳೆದವರು ನಾವು. ಇಲ್ಲ ಎನ್ನಲು ನಮಗೊಂದು ಮರೆ ಬೇಕು. ನಿಮಗೆ ಇಂಗ್ಲಿಷಿನ ಮರೆ ಸಿಕ್ಕಿತು, ಅಷ್ಟೆ. ಆದರೆ ಅಕ್ಕಿ ತುಂಬಿದೆ ಎಂದರೆ ಮನೆಯವರು ಚೀಲ ಹಿಡಿದು ಅಂಗಡಿಗೆ ಹೋಗುತ್ತಾರೆ. ನಿಮ್ಮ ಮಾತು ಕೇಳಿ ಮ್ಯಾನೇಜರ್ ಎಲ್ಲಿಗೆ ಹೋಗಬೇಕು?

ಹಾಗಾಗಿ ಅಳತೆ ಕೊಡಿ. ‘ಶುಕ್ರವಾರಕ್ಕೆ 40 ಟೆಸ್ಟ್ ಕೇಸ್ ಮುಗಿಸಬೇಕು, 15 ಆಗಿವೆ. ಹೊಸದನ್ನು ಹಿಡಿದರೆ ಇದು ಮುಂದಿನ ಬುಧವಾರಕ್ಕೆ ಹೋಗುತ್ತದೆ. ಯಾವುದು ಮೊದಲು, ನೀವೇ ಹೇಳಿ.’ ಎದುರಿಗೇ ಹೇಳಿ, ಆಮೇಲೆ ಎರಡು ಸಾಲಿನ ಇಮೇಲ್ ಕಳಿಸಿ. ತೀರ್ಮಾನದ ಭಾರ ಅವರದಾಗುತ್ತದೆ. ಸಮಯವಿದ್ದೂ ಕೆಲಸ ಬೇಡವೆನಿಸಿದರೆ ‘ಇದು ನನಗೆ ಬೇಡ’ ಎಂದೇ ಹೇಳಿಬಿಡಿ. ವರ್ಷಕ್ಕೆ ಒಂದೆರಡು ಸಲ ನಡೆಯುತ್ತದೆ, ಅದಕ್ಕಿಂತ ಹೆಚ್ಚು ನಡೆಯುವುದಿಲ್ಲ.

ಅಮ್ಮನಿಗೆ ಏನು ಹೇಳಬೇಕೆಂದು ನಾನು ಬರೆದುಕೊಡುವುದಿಲ್ಲ. ಪರೀಕ್ಷೆಗೆಂದು ಪಾಪೆ ಅಗಲಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಅವರಿಗೆ ಬೇಕಿರುವುದು ಕೈ ಹಿಡಿದು ಆಟೋ ಹತ್ತಿಸುವವರು. ಹಾಸನ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಹೊರಡುವ ಮುನ್ನ ಖಾತೆಯನ್ನೂ ಒಮ್ಮೆ ನೋಡಿಕೊಳ್ಳಿ, ರೀಚಾರ್ಜ್ ದುಡ್ಡು ಬಂದಿದ್ದರೂ ಬಂದಿರಬಹುದು.