28 ಅಡಿ ಟ್ರೈಲರ್ ಎಳೆಯೋಕೆ ಪೆಟ್ರೋಲ್ ಪಿಕಪ್ ಸಾಕಾ, ಡೀಸೆಲ್ಲೇ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ನೀವಿರೋದು ಡಲ್ಲಾಸ್ ಹತ್ತಿರ. ಮನೆಯಲ್ಲಿ ನಾಲ್ಕು ಜನ. 28 ಅಡಿಯ ಟ್ರಾವೆಲ್ ಟ್ರೈಲರ್ (ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆ) ನೋಡಿಟ್ಟಿದ್ದೀರಿ, ಕಂಪನಿಯ ಪುಸ್ತಕದಲ್ಲಿ ಖಾಲಿ ತೂಕ 6,000 ಪೌಂಡ್ ಚಿಲ್ಲರೆ. ಬರುವ ಬೇಸಿಗೆ ರಜೆಗೆ ಕೊಲೊರಾಡೊ ಬೆಟ್ಟಗಳಿಗೆ ಬರಬೇಕು. ಸ್ನೇಹಿತರೆಲ್ಲ ಡೀಸೆಲ್ ತಗೊಳ್ಳಿ ಅಂತಿದ್ದಾರೆ, ಜೇಬು ಪೆಟ್ರೋಲ್ ಅಂತಿದೆ.

ಸಾಕು. ಪೆಟ್ರೋಲ್ ಧಾರಾಳವಾಗಿ ಸಾಕು. ಆದರೆ ಗಾಡಿ 250 ಅಥವಾ 2500 ದರ್ಜೆಯದ್ದಾಗಿರಲಿ, ಅಂದರೆ ಇಲ್ಲಿಯವರು ಮುಕ್ಕಾಲು ಟನ್ ಅನ್ನುವ ಪಿಕಪ್. ಅರ್ಧ ಟನ್ನಿನದ್ದು ಬೇಡ. ನಾನು ಆ ತಪ್ಪು ಮಾಡಿ ಕಲಿತವನು, ಅದನ್ನೇ ಮೊದಲು ಹೇಳ್ತೀನಿ.

ನಾನಿರೋದು ಡೆನ್ವರ್ ಪಕ್ಕ. ನಮ್ಮ ಟ್ರೈಲರೂ ಹೆಚ್ಚುಕಡಿಮೆ ನಿಮ್ಮದರಷ್ಟೇ. ಕೊಳ್ಳುವಾಗ ನನ್ನ ಹತ್ತಿರ ಅರ್ಧ ಟನ್ ಪಿಕಪ್ ಇತ್ತು. ಟ್ರೈಲರ್ ಮಾರಿದವನು ಫೋನಿನಲ್ಲೇ ನೋಡಿ, "ನಿಮ್ಮ ಟ್ರಕ್ಕು 9,000 ಪೌಂಡ್ ಎಳೆಯುತ್ತೆ ಸಾರ್, ಇದು 5,800, ಏನೂ ಯೋಚನೆ ಇಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ನೋಡಬೇಕಾದ ಅಂಕಿ ಅದಲ್ಲ, ಅಷ್ಟೇ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಪಟ್ಟಿ ಇರುವ ಒಂದು ಸ್ಟಿಕರ್ ಅಂಟಿಸಿರ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಅದರಲ್ಲಿರುತ್ತೆ. ಅದೇ ಪೇಲೋಡ್. ನನ್ನದರಲ್ಲಿ 1,480 ಪೌಂಡ್ ಅಂತಿತ್ತು. ಈಗ ಲೆಕ್ಕ ಹಾಕಿ. ಅಕ್ಕಿ, ಕುಕ್ಕರ್, ಮಿಕ್ಸಿ, ಹಾಸಿಗೆ, ಎರಡು ಗ್ಯಾಸ್ ಸಿಲಿಂಡರ್, ಬ್ಯಾಟರಿ, ನೀರು ಎಲ್ಲ ತುಂಬಿದ ಮೇಲೆ ಆ 5,800 ಪೌಂಡಿನ ಟ್ರೈಲರ್ 7,200 ಆಗಿತ್ತು. (ನೀರೇ ಒಂದು ಗ್ಯಾಲನ್ನಿಗೆ ಎಂಟೂಕಾಲು ಪೌಂಡಿನ ಮೇಲೆ ತೂಗುತ್ತೆ, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್ ಆಯಿತು.) ಟ್ರೈಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಅದರ ಮೂತಿಯ ಮೂಲಕ ಟ್ರಕ್ಕಿನ ಹಿಚ್ ಮೇಲೆ, ಅಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಕೂರಬೇಕು. ಹದಿಮೂರು ಅಂತ ಹಿಡಿದರೆ 936 ಪೌಂಡ್. ನಾವು ನಾಲ್ವರು 560. ಹಿಚ್ಚೇ 100. ಒಟ್ಟು 1,596. ಟ್ರಕ್ಕಿನ ಹಿಂದಿನ ಬೆಡ್ಡಿನಲ್ಲಿ (ಸಾಮಾನು ತುಂಬುವ ತೊಟ್ಟಿಯಲ್ಲಿ) ಒಂದು ಸೌದೆ ಕೂಡ ಇಡದೆ 116 ಪೌಂಡ್ ಹೆಚ್ಚಾಗಿಹೋಗಿತ್ತು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಎತ್ತಿನಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೂತಿ ಭಾರವಾದರೆ ಎತ್ತಿನ ಹೆಗಲೇ ಮೊದಲು ಬೀಳೋದು.

ಮೂತಿ ತೀರಾ ಹಗುರಾದರೂ ಕಷ್ಟ. ಆ ಪಾಠ ಸಿಕ್ಕಿದ್ದು ದಕ್ಷಿಣ ಕೊಲೊರಾಡೊದ ಮರಳುದಿಬ್ಬಗಳ ಪಾರ್ಕು ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಿಂದ ವಾಪಸ್ ಬರುವಾಗ. ಲಾ ವೆಟಾ ಪಾಸ್ ಅನ್ನುವ ಘಾಟಿ ಇಳಿದು ವಾಲ್ಸನ್‌ಬರ್ಗ್ ಹತ್ತಿರ ಐ-25 ಹೆದ್ದಾರಿ ಹತ್ತಿದೆವು. ಆ ಊರು ಗಾಳಿಗೆ ಹೆಸರುವಾಸಿ. ಟ್ರೈಲರಿನ ಮುಂದುಗಡೆ ಸೌದೆ ಖಾಲಿ, ಸಿಲಿಂಡರ್ ಖಾಲಿ. ಹಿಂದೆ ನಾಲ್ಕು ಸೈಕಲ್ಲು, ಜೊತೆಗೆ ಕೊಳೆನೀರಿನ ತುಂಬಿದ ಟ್ಯಾಂಕು. ಅಂದರೆ ಮೂತಿ ಹಗುರ, ಬಾಲ ಭಾರ. ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಯಿತು. ಮೊದಲು ಟ್ರೈಲರನ್ನು ತನ್ನ ಕಡೆ ಎಳಕೊಂಡ ಹಾಗಾಯಿತು, ಆಮೇಲೆ ಆಚೆ ನೂಕಿತು, ಅಲ್ಲಿಂದ ಟ್ರೈಲರ್ ತಾನೇ ತಾನಾಗಿ ಬಾಲ ಆಡಿಸೋಕೆ ಶುರು ಮಾಡಿತು. ಕನ್ನಡಿಯಲ್ಲಿ ನೋಡಿದರೆ ಎಡಗಡೆ ಒಮ್ಮೆ ಟ್ರೈಲರಿನ ಗೋಡೆ ಕಾಣುತ್ತೆ, ಬಲಗಡೆ ಒಮ್ಮೆ. ಟ್ರಕ್ಕಿನ ಹಿಂಭಾಗವೂ ಅದರ ಜೊತೆ ಕುಣಿಯುತ್ತಿತ್ತು. ಹೆಂಡತಿ ಒಂದು ಮಾತೂ ಆಡಲಿಲ್ಲ, ಬಾಗಿಲ ಹಿಡಿ ಹಿಡಕೊಂಡು ಕೂತಿದ್ದಳು. ಅದೃಷ್ಟಕ್ಕೆ ಎಲ್ಲೋ ಓದಿದ್ದು ನೆನಪಾಯಿತು: ಕಾಲಿನ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು, ಆಕ್ಸಿಲರೇಟರ್ ಬಿಟ್ಟು ಟ್ರೈಲರ್ ಬ್ರೇಕಿನ ಕೈಗುಂಡಿಯನ್ನು ಮಾತ್ರ ಮೆತ್ತಗೆ ಒತ್ತಬೇಕು. ಟ್ರೈಲರ್ ಹಿಂದಕ್ಕೆ ಜಗ್ಗಿ ನೆಟ್ಟಗಾಯಿತು. ಮುಂದಿನ ಎಕ್ಸಿಟ್ಟಿನಲ್ಲಿ ನಿಲ್ಲಿಸಿ ಕಾಲು ಗಂಟೆ ಸುಮ್ಮನೆ ಕೂತಿದ್ದೆವು.

ಅಲ್ಲಿ ಪೂರ್ತಿ ತಪ್ಪು ಟ್ರಕ್ಕಿನದ್ದಲ್ಲ, ತುಂಬಿದವನದ್ದು. ಆದರೂ ಮುಕ್ಕಾಲು ಟನ್ನಿನ ಗಟ್ಟಿ ಸ್ಪ್ರಿಂಗು, ಗಟ್ಟಿ ಟೈರು, ಅದರದ್ದೇ ಆದ ತೂಕ ಇದ್ದಿದ್ದರೆ ಬಾಲ ಅಷ್ಟು ಸುಲಭಕ್ಕೆ ನಾಯಿಯನ್ನು ಆಡಿಸುತ್ತಿರಲಿಲ್ಲ. ಆ ಚಳಿಗಾಲದಲ್ಲೇ ಗಾಡಿ ಬದಲಾಯಿಸಿದೆ. ಈಗಿರೋದು 2021ರ ಫೋರ್ಡ್ ಎಫ್-250, 7.3 ಲೀಟರಿನ ಪೆಟ್ರೋಲ್ ವಿ8, 430 ಕುದುರೆಶಕ್ತಿ, ಆಕ್ಸಲ್ಲಿನ ಗೇರ್ ಅನುಪಾತ 4.30. ಜಿಎಂನವರ 6.6 ಲೀಟರ್ ಪೆಟ್ರೋಲ್, ರಾಮ್‌ನ 6.4 ಹೆಮಿ ಕೂಡ ಇದೇ ಕೆಲಸದವು, ಎರಡೂ 400 ಕುದುರೆಶಕ್ತಿಯ ಆಸುಪಾಸು. ಯಾವುದು ಒಳ್ಳೆ ಬೆಲೆಗೆ ಸಿಗುತ್ತೋ ಅದನ್ನು ತಗೊಳ್ಳಿ. ಬ್ರ್ಯಾಂಡ್ ಜಗಳಕ್ಕೆ ನಾನು ಬರಲ್ಲ.

ಪೆಟ್ರೋಲ್ ಗಾಡಿಯ ಪೇಲೋಡು ಹೆಚ್ಚು, ಇದನ್ನು ಡೀಸೆಲ್ ಸ್ನೇಹಿತರು ನಿಮಗೆ ಹೇಳಿರಲ್ಲ. ಡೀಸೆಲ್ ಎಂಜಿನ್ನೇ ಪೆಟ್ರೋಲಿನದ್ದಕ್ಕಿಂತ ಹಲವು ನೂರು ಪೌಂಡ್ ಹೆಚ್ಚು ಭಾರ. ಈ ದರ್ಜೆಯ ಎಷ್ಟೋ ಗಾಡಿಗಳಿಗೆ ಒಟ್ಟು ತೂಕದ ಮಿತಿ 10,000 ಪೌಂಡ್, ಎಂಜಿನ್ ತಿಂದಷ್ಟೂ ನಿಮ್ಮ ಪಾಲು ಕಡಿಮೆ. ಹೇಗೂ ಶೋರೂಮಿನಲ್ಲಿ ನಿಂತಾಗ ಬಾಗಿಲು ತೆಗೆದು ಸ್ಟಿಕರಿನ ಫೋಟೋ ಹೊಡಕೊಳ್ಳಿ. ಒಂದೇ ಮಾದರಿಯ ಎರಡು ಗಾಡಿಗಳಲ್ಲೂ ಬೇರೆಬೇರೆ ಅಂಕಿ ಇರುತ್ತೆ, ಸನ್‌ರೂಫು ಚರ್ಮದ ಸೀಟು ಎಲ್ಲ ಹಾಕಿಸಿದ್ದರೆ ಇನ್ನೂ ಕಡಿಮೆ.

ದುಡ್ಡಿನ ಲೆಕ್ಕ ನೋಡಿ. ಡೀಸೆಲ್ ಎಂಜಿನ್ನಿಗೆ ಸುಮಾರು 10,000 ಡಾಲರ್ ಹೆಚ್ಚು ಕೊಡಬೇಕು. ವರ್ಷಕ್ಕೆ 5,000 ಮೈಲಿ ಟ್ರೈಲರ್ ಕಟ್ಟಿ ಓಡಿಸ್ತೀರಿ ಅಂತಿಟ್ಟುಕೊಳ್ಳಿ. ನನ್ನ ಗಾಡಿ ಟ್ರೈಲರ್ ಜೊತೆ ಗ್ಯಾಲನ್ನಿಗೆ 9 ಮೈಲಿ ಕೊಡುತ್ತೆ, ಡೀಸೆಲ್ 12 ಕೊಡಲಿ. ಪೆಟ್ರೋಲ್ 3.20, ಡೀಸೆಲ್ 3.70 ಅಂತ ಹಿಡಿದರೆ ಉಳಿಯೋದು 235 ಡಾಲರ್ ಹತ್ತಿರ. ಖಾಲಿ ಓಡಾಟದ ಉಳಿತಾಯ ಸೇರಿಸಿದರೂ 350 ದಾಟಿದರೆ ಹೆಚ್ಚು. 10,000 ವಾಪಸ್ ಬರೋಷ್ಟರಲ್ಲಿ ಮಕ್ಕಳ ಮದುವೆ ಆಗಿರುತ್ತೆ. ಡೀಸೆಲ್ಲಿಗೆ ಮತ್ತೆ ಹೊಗೆ ಶುದ್ಧ ಮಾಡೋಕೆ ಹಾಕುವ ಡಿಇಎಫ್ ದ್ರವ, ಫಿಲ್ಟರುಗಳು, ದೊಡ್ಡ ಆಯಿಲ್ ಚೇಂಜು ಬೇರೆ. ಮಾರುವಾಗ ಡೀಸೆಲ್ಲಿಗೆ ಬೆಲೆ ಹೆಚ್ಚು ಸಿಗುತ್ತೆ ಅನ್ನೋದು ನಿಜ, ಅದನ್ನು ಇಲ್ಲ ಅನ್ನಲ್ಲ.

ಹಾಗಾದರೆ ಪೆಟ್ರೋಲ್ ಗಾಡಿಯವರು ಅನುಭವಿಸೋದೇನು? ಎರಡು: ಬಂಕು ಮತ್ತು ಸದ್ದು.

ಬಂಕಿನದ್ದು ದೊಡ್ಡ ತಲೆನೋವು, ಕೊಳ್ಳುವ ಮುಂಚೆ ಯಾರೂ ಯೋಚಿಸಲ್ಲ. ನನ್ನದು 34 ಗ್ಯಾಲನ್ ಟ್ಯಾಂಕು, ಲೆಕ್ಕಕ್ಕೆ 300 ಮೈಲಿ. ನಾನು 220 ಆಗುತ್ತಲೇ ಬಂಕು ಹುಡುಕ್ತೀನಿ, ಯಾಕೆಂದರೆ ಎದುರುಗಾಳಿ ಬಂದರೆ 9 ಇದ್ದದ್ದು 7ಕ್ಕೆ ಇಳಿಯುತ್ತೆ. ಡೀಸೆಲ್ಲಿನವನು ಲಾರಿಗಳ ಸಾಲಿಗೆ ನೇರ ನುಗ್ಗಿ ತುಂಬಿಸಿಕೊಂಡು ನೇರ ಹೊರಡ್ತಾನೆ. ನೀವು 50 ಅಡಿ ಉದ್ದದ ಜೋಡಿ ಇಟ್ಟುಕೊಂಡು ಕಾರುಗಳ ಪಂಪಿಗೇ ಹೋಗಬೇಕು. ಒಳಗೆ ಹೋಗೋದು ಸುಲಭ, ಹೊರಗೆ ಬರೋ ದಾರಿ ಅಂಗಡಿ ಗೋಡೆಗೆ ಮುಗಿದಿರುತ್ತೆ. ನಾನು ಹಿಂದಿನ ರಾತ್ರಿಯೇ ಫೋನಿನಲ್ಲಿ ಬಂಕಿನ ಉಪಗ್ರಹ ಚಿತ್ರ ನೋಡಿ, ಪಂಪುಗಳ ಸಾಲು ಅಂಗಡಿಗೆ ಅಡ್ಡ ಇದೆಯಾ ನೇರ ಇದೆಯಾ ಅಂತ ಗುರುತು ಹಾಕಿಕೊಳ್ತೀನಿ. ಕೆಲವು ದೊಡ್ಡ ಟ್ರಕ್ ಸ್ಟಾಪುಗಳಲ್ಲಿ ಆರ್‌ವಿ (ಇಂಥ ಚಕ್ರದ ಮನೆಗಳ) ಸಾಲು ಅಂತಲೇ ಇರುತ್ತೆ, ಅಲ್ಲಿ ಪೆಟ್ರೋಲೂ ಸಿಗುತ್ತೆ. ಕೊಲೊರಾಡೊದಲ್ಲಿ ಇನ್ನೊಂದು ಮಾತು: ಇಲ್ಲಿ ರೆಗ್ಯುಲರ್ ಅಂದರೆ ಬಹಳ ಕಡೆ 85 ಆಕ್ಟೇನ್ (ಪೆಟ್ರೋಲಿನ ದರ್ಜೆ). ನನ್ನ ಗಾಡಿಯ ಪುಸ್ತಕ 87 ಅನ್ನುತ್ತೆ. ಟ್ರೈಲರ್ ಕಟ್ಟಿದಾಗ ಪಂಪಿನ ನಡುವಿನ, 87ರ ಗುಂಡಿ ಒತ್ತಿ.

ಹೆದ್ದಾರಿಯಲ್ಲಿ ಮೈಲೇಜ್ ಕಡಿಮೆ ಆಗೋದು ತೂಕಕ್ಕಿಂತ ಹೆಚ್ಚಾಗಿ ಗಾಳಿಗೆ. ಟ್ರೈಲರ್ ಅಂದರೆ ಹಿಂದೆ ಒಂದು ಗೋಡೆ ಎಳಕೊಂಡು ಹೋದ ಹಾಗೆ. ವೇಗವನ್ನು ಗಂಟೆಗೆ 65 ಮೈಲಿಯಿಂದ 75ಕ್ಕೆ ಏರಿಸಿದರೆ ಗಾಳಿಯ ಅಡ್ಡಿ ಮೂರನೇ ಒಂದು ಪಾಲು ಹೆಚ್ಚುತ್ತೆ. ಎಷ್ಟೋ ಟ್ರೈಲರ್ ಟೈರುಗಳು 65 ಮೈಲಿ ವೇಗಕ್ಕೆ ಮಾಡಿದವು. ನಾನು 63ಕ್ಕೆ ಕ್ರೂಸ್ ಹಾಕಿ ಬಲಗಡೆ ಸಾಲಿನಲ್ಲಿ ಹೋಗ್ತಾ ಇರ್ತೀನಿ. ಟೆಕ್ಸಾಸಿನವರಿಗೆ ಇದು ಕಷ್ಟ ಅಂತ ಗೊತ್ತು!

ಇನ್ನು ಸದ್ದು. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಮೂರರಷ್ಟು ಶಕ್ತಿ ಕಳಕೊಳ್ಳುತ್ತೆ. ಡೆನ್ವರಿನಿಂದ ಪಶ್ಚಿಮದ ಬೆಟ್ಟಗಳಿಗೆ ಹೋಗುವ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರೋದು 11,000 ಅಡಿಗೂ ಮೇಲಿನ ಎತ್ತರದಲ್ಲಿ. ಅಲ್ಲಿ ನನ್ನ 430 ಕುದುರೆಗಳಲ್ಲಿ 290 ಉಳಿದಿರ್ತಾವೆ. ಟರ್ಬೊ ಡೀಸೆಲ್ ಅಲ್ಲೂ ಏನೂ ಆಗದವನ ಹಾಗೆ 60ರಲ್ಲಿ ಹತ್ತುತ್ತೆ. ನಾನು 3ನೇ ಗೇರಿನಲ್ಲಿ, 4,500 ಆರ್‌ಪಿಎಂ, 48 ಮೈಲಿ. ಮೊದಲ ಸಲ ಆ ಆರ್ಭಟ ಕೇಳಿ ಎಂಜಿನ್ ಬಿಚ್ಚಿಕೊಂಡು ಬೀಳುತ್ತೇನೋ ಅಂತ ಕಾಲು ಎತ್ತಿಬಿಟ್ಟಿದ್ದೆ. ಎತ್ತಬೇಡಿ. ಅದರ ಪೂರ್ತಿ ಶಕ್ತಿ ಸಿಗೋದೇ 5,500ರಲ್ಲಿ, ಮಾಡಿರೋದೇ ಹಾಗೆ. ಬಿಸಿಯ ಮುಳ್ಳು ಅಲುಗಾಡದೆ ಇದ್ದರೆ ಎಂಜಿನ್ ಚೆನ್ನಾಗೇ ಇದೆ, ಹಾಡು ಸ್ವಲ್ಪ ಜೋರಾಗಿ ಹಾಕಿಕೊಳ್ಳಿ. ಲಾರಿಗಳು ಅಲ್ಲಿ ನಮಗಿಂತ ನಿಧಾನ.

ಹತ್ತೋದಕ್ಕಿಂತ ಇಳಿಯೋದರ ಬಗ್ಗೆ ತಲೆ ಕೆಡಿಸಿಕೊಳ್ಳಿ. ಡೀಸೆಲ್ಲಿಗೆ ಎಕ್ಸಾಸ್ಟ್ ಬ್ರೇಕ್ (ಹೊಗೆಯನ್ನು ತಡೆದು ಎಂಜಿನ್ನಿನಿಂದಲೇ ವೇಗ ಹಿಡಿಯುವುದು) ಇದೆ, ಅದರ ನಿಜವಾದ ಹೆಚ್ಚುಗಾರಿಕೆ ನನ್ನ ಕಣ್ಣಿಗೆ ಅದೊಂದೇ. ನಮಗಿಲ್ಲ. ಸುರಂಗ ದಾಟಿ ಸಿಲ್ವರ್‌ಥಾರ್ನ್‌ಗೆ ಇಳಿಯುವ ದಾರಿಯಲ್ಲಿ ಕೆಲವು ಕಡೆ ಶೇಕಡಾ 7ರ ಇಳಿಜಾರು, ಬ್ರೇಕ್ ಹೋದ ಲಾರಿಗಳಿಗೆ ಅಂತಲೇ ಪಕ್ಕದಲ್ಲಿ ಜಲ್ಲಿಯ ದಾರಿ ಮಾಡಿಟ್ಟಿದ್ದಾರೆ. ನಮ್ಮ ಸೋದರಮಾವ ಬಹಳ ವರ್ಷ ಮಂಗಳೂರು ಲೈನಿನಲ್ಲಿ ಲಾರಿ ಓಡಿಸಿದವರು. ಶಿರಾಡಿ ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಅಂತ ಅವರು ಹೇಳ್ತಿದ್ದದ್ದು ಇಲ್ಲಿಗೂ ಹಾಗೇ ಹೊಂದುತ್ತೆ. ಭಾರ ಎಳೆಯುವಾಗಿನ ಗೇರಿನ ಕ್ರಮಕ್ಕೆ ಬದಲಾಯಿಸುವ ಟೋ-ಹಾಲ್ ಗುಂಡಿ ಒತ್ತಿ, ಇಳಿಜಾರು ಶುರುವಾಗುವ ಮುಂಚೆಯೇ 45ಕ್ಕೆ ಇಳಿಸಿ, 3ನೇ ಗೇರು. ಎಂಜಿನ್ 4,200ರಲ್ಲಿ ಕೂಗುತ್ತಾ ಹಿಡಿದುಕೊಳ್ಳುತ್ತೆ. ವೇಗ 50 ಮುಟ್ಟಿದರೆ ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ 42ಕ್ಕೆ ತಂದು ಬಿಟ್ಟುಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಹೋದರೆ ಕೆಳಗೆ ಮುಟ್ಟುವ ಹೊತ್ತಿಗೆ ಸುಟ್ಟ ವಾಸನೆ ಬರುತ್ತೆ, ಆಮೇಲೆ ಬ್ರೇಕೇ ಹಿಡಿಯಲ್ಲ.

ನೀವು ಅಮರಿಲ್ಲೊ, ಡಾಲ್‌ಹಾರ್ಟ್ ಮೇಲೆ ಬಂದರೆ ಮೊದಲ ನಿಜವಾದ ಏರು ರಟೋನ್ ಪಾಸ್, 7,834 ಅಡಿ. ಕಲಿಯೋಕೆ ಒಳ್ಳೆ ಜಾಗ. ಅಲ್ಲಿ ಕೈ ಕುದುರಿದರೆ ಐ-70ಕ್ಕೆ ಬನ್ನಿ.

ಹೊರಡುವ ಮುಂಚೆ ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲಿನಲ್ಲಿ ತೂಗಿಸಿ. ಎಲ್ಲ ತುಂಬಿ, ಎಲ್ಲರೂ ಕೂತು, ಒಮ್ಮೆ ಟ್ರೈಲರ್ ಜೊತೆ, ಒಮ್ಮೆ ಬಿಚ್ಚಿಟ್ಟು. ನನ್ನ ಚೀಟಿ ಈಗಲೂ ಡ್ಯಾಶ್‌ಬೋರ್ಡಿನಲ್ಲಿದೆ. ಟ್ರಕ್ಕು ಮಾತ್ರ 7,400. ಜೋಡಿಸಿದ ಮೇಲೆ ಟ್ರಕ್ಕಿನ ಎರಡು ಆಕ್ಸಲ್ ಸೇರಿ 8,340, ಟ್ರೈಲರಿನ ಚಕ್ರಗಳ ಮೇಲೆ 6,340, ಒಟ್ಟು 14,680. ಕಳೆದರೆ ಟ್ರೈಲರ್ 7,280, ಮೂತಿಯ ಭಾರ 940 ಹತ್ತಿರ, ನೂರಕ್ಕೆ ಹದಿಮೂರು. 10,000 ಪೌಂಡಿನ ಮಿತಿಗೆ ಟ್ರಕ್ಕಿನಲ್ಲಿ ಇನ್ನೂ 1,660 ಪೌಂಡ್ ಹೊರುವ ಜಾಗ ಇದೆ. ಅರ್ಧ ಟನ್ನಿನ ಗಾಡಿಗೆ ಇದೇ ಟ್ರೈಲರ್ ಕಟ್ಟಿ ವಾಲ್ಸನ್‌ಬರ್ಗ್ ಗಾಳಿಗೆ ಒಡ್ಡಿದ್ದೆ ಅಂತ ನೆನೆಸಿಕೊಂಡರೆ ಈಗಲೂ ಕೈ ಬೆವರುತ್ತೆ. ಮೂತಿಯ ಭಾರವನ್ನು ಎಲ್ಲ ಆಕ್ಸಲ್ಲುಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚು, ಅದರಲ್ಲೂ ಓಲಾಟ ತಡೆಯುವಂಥದ್ದು, ಗಾಡಿ ದೊಡ್ಡದಾದರೂ ಬೇಕೇ ಬೇಕು. ಟ್ರೈಲರ್ ಬ್ರೇಕ್ ಕಂಟ್ರೋಲರ್ (ಆಗ ಹೇಳಿದ ಕೈಗುಂಡಿ ಇರೋದು ಇದರಲ್ಲೇ) ಕಂಪನಿಯಿಂದಲೇ ಹಾಕಿ ಬಂದಿರುವ ಗಾಡಿ ನೋಡಿ.

ಡೀಸೆಲ್ ಯಾರಿಗೆ ಅಂದರೆ, 12,000 ಪೌಂಡ್ ಮೇಲಿನ ಫಿಫ್ತ್ ವೀಲ್ (ಟ್ರಕ್ಕಿನ ಬೆಡ್ಡಿನೊಳಗೆ ಕೊಂಡಿ ಕೂರುವ ದೊಡ್ಡ ಟ್ರೈಲರ್) ಎಳೆಯುವವರಿಗೆ, ಮನೆ ಬಿಟ್ಟು ವರ್ಷಪೂರ್ತಿ ಟ್ರೈಲರಿನಲ್ಲೇ ಇರುವವರಿಗೆ, ವಾರವಾರವೂ ಈ ಘಾಟಿಗಳನ್ನು ದಾಟುವವರಿಗೆ. ನೀವು ವರ್ಷಕ್ಕೊಮ್ಮೆ ಬರುವವರು. ಆ ಹತ್ತು ಸಾವಿರದಲ್ಲಿ ಒಳ್ಳೆ ಹಿಚ್ಚು, ಟ್ರೈಲರಿಗೆ ಒಳ್ಳೆ ಟೈರು ಹಾಕಿಸಿ, ಉಳಿದದ್ದಕ್ಕೆ ಪೆಟ್ರೋಲ್ ಹೊಡೆಸಿ. ಜೂನ್ ಕೊನೆಗೆ ಬರೋದಾದರೆ ಕ್ಯಾಂಪ್‌ಸೈಟನ್ನು ಈಗಲೇ ಬುಕ್ ಮಾಡಿಬಿಡಿ, ಟ್ರಕ್ಕಿಗಿಂತ ಅದು ಸಿಗೋದು ಕಷ್ಟ.