ಮೊಬೈಲಿಗೆ ಕೈ ಚಾಚಿದ ವರ

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 28. ಬೆಂಗಳೂರಿನಲ್ಲಿ ಓದುವಾಗ ಸಹಪಾಠಿಯೊಬ್ಬರನ್ನು ಎರಡು ವರ್ಷ ಪ್ರೀತಿಸಿದ್ದೆ; ದೈಹಿಕ ಸಂಬಂಧವೂ ಇತ್ತು. ಈಗ ಮನೆಯವರು ನೋಡಿದ ವರನೊಂದಿಗೆ ನಿಶ್ಚಿತಾರ್ಥವಾಗಿದೆ. ಕಳೆದ ಭಾನುವಾರ ಕುಂದುವಾಡ ಕೆರೆಯ ಏರಿಯ ಮೇಲೆ ಕುಳಿತಿದ್ದಾಗ ಅವರು ‘ನಮ್ಮ ನಡುವೆ ಗುಟ್ಟು ಬೇಡ’ ಎಂದು ನನ್ನ ಮೊಬೈಲಿಗೆ ಕೈ ಚಾಚಿದರು. ಚಾರ್ಜ್ ಮುಗಿದಿದೆ ಎಂದು ಸುಳ್ಳು ಹೇಳಿದೆ. ಎಲ್ಲವನ್ನೂ ಹೇಳಿಬಿಡಲೇ?

ಉತ್ತರ: ಆ ಸುಳ್ಳಿಗಾಗಿ ನೀವು ಕುಗ್ಗಬೇಕಿಲ್ಲ, ಆದರೆ ಅದನ್ನೇ ಧಾರೆಯವರೆಗೆ ಎಳೆಯಲೂ ಆಗದು.

ನಿಮ್ಮ ತಾಯಿಯವರ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕಾಫಿ ಮುಗಿಸುವಷ್ಟರಲ್ಲಿ ಮಾತುಕತೆಯೂ ಮುಗಿಯುತ್ತಿತ್ತು. ಹುಡುಗಿಯನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಈಗ ನಿಶ್ಚಿತಾರ್ಥಕ್ಕೂ ಮುಹೂರ್ತಕ್ಕೂ ನಡುವೆ ತಿಂಗಳುಗಟ್ಟಲೆ ಫೋನಿನಲ್ಲಿ ಮಾತು ನಡೆಯುತ್ತದೆ, ಪರವೂರಿನಲ್ಲಿ ಓದಿ ದುಡಿದವರಿಗೆ ಅಷ್ಟೋ ಇಷ್ಟೋ ಹಿಂದಿನ ಬದುಕೂ ಇರುತ್ತದೆ. ಹೀಗೆ ಎಲ್ಲವೂ ಬದಲಾದರೂ, ವಧುವಿನ ‘ಶುದ್ಧತೆ’ಯನ್ನು ಅಳೆಯುವ ಹಳೆಯ ಸೇರು ಮಾತ್ರ ಹಾಗೆಯೇ ಉಳಿದು, ಪಾರದರ್ಶಕತೆ ಎಂಬ ಹೊಸ ಹೆಸರಿನಲ್ಲಿ ಮೊಬೈಲನ್ನು ಹುಡುಕಿಕೊಂಡು ಬಂದಿದೆ. (ಅವರು ತಮ್ಮ ಮೊಬೈಲನ್ನು ನಿಮ್ಮ ಕೈಗೆ ಕೊಟ್ಟರೇ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.)

ನೀವು ಹೇಳಬೇಕಾದದ್ದು ಇಷ್ಟೇ: ಹಿಂದೆ ಒಬ್ಬರನ್ನು ಪ್ರೀತಿಸಿದ್ದೆ, ಆ ಸಂಬಂಧ ಮುಗಿದಿದೆ. ಯಾರು, ಎಲ್ಲಿ, ಎಲ್ಲಿಯವರೆಗೆ ಎಂಬ ವಿಚಾರಣೆಗೆ ಉತ್ತರಿಸುವ ಹೊಣೆ ನಿಮಗಿಲ್ಲ. ಆ ಎರಡು ವರ್ಷಗಳಲ್ಲಿ ಇನ್ನೊಬ್ಬರ ಗುಟ್ಟೂ ಸೇರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದಾಗ, ಆಪ್ತ ಸಂಬಂಧಗಳನ್ನೂ ಅದರೊಳಗೆ ಸೇರಿಸಿತು. ವರನ ಮುಂದೆ ತೀರ್ಪು ಓದಬೇಕೆಂದು ಇದರರ್ಥವಲ್ಲ. ಹೇಳದೆ ಉಳಿಸಿಕೊಂಡದ್ದೆಲ್ಲ ಮೋಸವಲ್ಲವೆಂದು ನಿಮಗೆ ತಿಳಿದಿರಲಿ.

ಅವರು ನ್ಯಾಯವಾಗಿ ಕೇಳಬಹುದಾದ ವಿಷಯವೊಂದಿದೆ, ಅದು ಆರೋಗ್ಯ. ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ಇಬ್ಬರೂ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶವೂ ಗೌಪ್ಯ.

ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಬೇಡಿ, ಬರೆದದ್ದು ನಾಳೆ ಯಾರ ಕೈಗೆ ಸಿಗುವುದೋ ಹೇಳಲಾಗದು. ಎದುರು ಕುಳಿತು, ಇದೇ ವಾರ ಹೇಳಿ. ಅವರು ಒಂದೆರಡು ದಿನ ಮಂಕಾದರೆ ಅದು ಸಹಜ, ಕಾಯಿರಿ. ಆದರೆ ಎಲ್ಲ ಕೇಳಿಸಿಕೊಂಡ ಮೇಲೂ ಅವರ ಕೈ ಮತ್ತೆ ಮೊಬೈಲಿನತ್ತಲೇ ಚಾಚಿದರೆ, ಲಗ್ನಪತ್ರಿಕೆಯನ್ನು ಈಗಲೇ ಅಚ್ಚಿಗೆ ಕೊಡಬೇಡಿ ಎಂದು ತಂದೆಯವರಿಗೆ ಹೇಳಲು ಹಿಂಜರಿಯಬೇಡಿ.