ಟ್ರಂಕಿನಲ್ಲಿಟ್ಟ ತಾಯಿ ಕಾರ್ಡು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಗದಗ-ಬೆಟಗೇರಿಯ ಮಗ್ಗದ ಕೆಲಸಗಾರ, ವಯಸ್ಸು ಮೂವತ್ತರ ಆಸುಪಾಸು. ಕುಟುಂಬ ಸಲಹೆಗೆಂದು ನನ್ನ ಬಳಿ ಒಬ್ಬರೇ ಬಂದಿದ್ದರು. “ನನ್ನ ಹೆಂಡ್ತಿ ನನಗ ಮುಚ್ಚಿಟ್ಟಾಳ್ರಿ ಮೇಡಂ” ಅಂದರು. ಮುಚ್ಚಿಟ್ಟದ್ದು ಆರೂವರೆ ತಿಂಗಳ ಕೂಸಿಗೆ ಹಾಕಿಸಿದ ಲಸಿಕೆಯನ್ನು.

ಕೂಸಿಗೆ ಒಂದೂವರೆ ತಿಂಗಳಾದಾಗ ಪೆಂಟಾವೇಲೆಂಟ್ (ಐದು ರೋಗಗಳ ಲಸಿಕೆ) ಮೊದಲ ಸೂಜಿಯನ್ನು ಓಣಿಯ ಡಾಕ್ಟರ ದವಾಖಾನೆಯಲ್ಲೇ ಹಾಕಿಸಿದ್ದರು. ಜ್ವರ ಬರಬಹುದು, ತೊಡೆ ಬಾಯಬಹುದು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಎರಡೂ ಆದವು. ಕೂಸು ರಾತ್ರಿಯಿಡೀ ಬಿಟ್ಟು ಬಿಟ್ಟು ಅತ್ತಿತು. ಈತ ರಾತ್ರಿ ಪಾಳಿಯಲ್ಲಿದ್ದರು. ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೇ. ಬೆಳಗಾಗುವಷ್ಟರಲ್ಲಿ ಅತ್ತೆ ತೀರ್ಮಾನ ಮಾಡಿಯಾಗಿತ್ತು: ಇನ್ನು ಸೂಜಿ ಬ್ಯಾಡ. ಮಗ ಹೂಂ ಅಂದರು, ಸೊಸೆ ಸುಮ್ಮನಿದ್ದಳು. ಕೂಸಿಗೆ ಐದು ತಿಂಗಳಾದಾಗ ಹಾವೇರಿ ಕಡೆಯ ತವರಿಗೆ ಹೋಗಿ, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡನೆಯದನ್ನು ಹಾಕಿಸಿಬಿಟ್ಟಳು. ತಿರುಗಿ ಬಂದು, ಲಸಿಕೆಯ ವಿವರ ಬರೆದಿಡುವ ತಾಯಿ ಕಾರ್ಡನ್ನು ಟ್ರಂಕಿನೊಳಗೆ, ಸೀರೆಯ ಮಡಿಕೆಯಲ್ಲಿ ಇಟ್ಟಳು. ಅದು ಅತ್ತೆಯ ಕೈಗೇ ಸಿಕ್ಕಿತು.

ಮುಂದಿನ ಸಲ ಮೂವರನ್ನೂ ಕರೆಸಿದೆ. ಅತ್ತೆ ಲಸಿಕೆಯ ವಿರೋಧಿ ಎಂದುಕೊಂಡರೆ ತಪ್ಪಾಗುತ್ತದೆ. ತಮ್ಮ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಲು ಸಾಲಿನಲ್ಲಿ ನಿಂತವರು. ಅವರ ಸಿಟ್ಟು ಬೇರೆಯೇ ಇತ್ತು. “ಅವತ್ತ ರಾತ್ರಿಯೆಲ್ಲಾ ಕೂಸಿನ್ನ ಹೆಗಲ ಮ್ಯಾಲ ಹಾಕ್ಕೊಂಡು ಅಡ್ಡಾಡಿದಾಕಿ ನಾನು. ನನಗೊಂದು ಮಾತ ಕೇಳಬೇಕೋ ಬ್ಯಾಡೋ?” ಸೊಸೆ ತಲೆಯೆತ್ತದೆ, “ಕೇಳಿದ್ರ ಬ್ಯಾಡ ಅಂತಿದ್ರಿ” ಅಂದಳು. ನನ್ನ ಪ್ರಕಾರ ಇಬ್ಬರ ಮಾತೂ ಸರಿಯೇ. ತಪ್ಪಿದವರು ನಡುವೆ ಕೂತು ಮೊಬೈಲ್ ತಿರುವುತ್ತಿದ್ದ ಮಹಾಶಯರು.

ಸೂಜಿ ಹಾಕಿಸಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಳಿಯಲಿಲ್ಲ. ಅಜ್ಜಿಯ ಪ್ರಶ್ನೆಗಳನ್ನೇ ಒಂದು ಚೀಟಿಯಲ್ಲಿ ಬರೆಸಿ, ಮೂವರೂ ಕೂಡಿಯೇ ಡಾಕ್ಟರ ಬಳಿ ಹೋಗಿ ಎಂದೆ. ಡಾಕ್ಟರು ಈ ಸಲ ಕೂರಿಸಿಕೊಂಡು ಮಾತಾಡಿದರಂತೆ. ಈ ಒಂದು ಸೂಜಿಯಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ (ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ ಸೋಂಕು) ಎಂಬ ಐದು ರೋಗಗಳಿಗೆ ರಕ್ಷಣೆಯಿದೆ. ಜ್ವರ, ಬಾವು ಹೆಚ್ಚಾಗಿ ನಾಯಿಕೆಮ್ಮಿನ ಅಂಶದಿಂದ ಬರುವಂಥವು, ಒಂದೆರಡು ದಿನದಲ್ಲಿ ಇಳಿಯುತ್ತವೆ. ತಡವಾಯಿತೆಂದು ಮೊದಲಿನಿಂದ ಶುರು ಮಾಡಬೇಕಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕನಿಷ್ಠ ನಾಲ್ಕು ವಾರ ಕಳೆದಿದ್ದರೆ ಸಾಕು. “ದುಡ್ಡು ಹೋದ್ರ ಹೋಗ್ಲಿ, ನೋವಾಗದ ಸೂಜಿನ ಹಾಕ್ರಿ” ಎಂದು ಮಗ ಜೋರು ಮಾಡಿದ್ದಕ್ಕೆ, ಅದರಲ್ಲಿ ಜ್ವರ ಕಡಿಮೆ ನಿಜ, ಆದರೆ ನಾಯಿಕೆಮ್ಮಿನ ರಕ್ಷಣೆಯೂ ಬೇಗ ಇಳಿಯುತ್ತದೆ, ಸರಕಾರಿ ಕೇಂದ್ರದಲ್ಲಿ ಪುಕ್ಕಟೆ ಸಿಗುವುದೇ ಸಾಕು ಅಂದರಂತೆ.

ನಾನು ಹೇಳಿದ್ದು ಮನೆಯ ಮಾತು. ಗಂಡನಿಗೆ: ಸೂಜಿಯ ದಿನ ರಜೆ ಹಾಕಿ, ಆ ರಾತ್ರಿ ಕೂಸನ್ನು ಎತ್ತಿಕೊಳ್ಳುವ ಪಾಳಿ ನಿಮ್ಮದು. ತಾಯಿ-ಹೆಂಡತಿ ಇಬ್ಬರಿಗೂ ಹೂಂ ಅನ್ನುವುದು ಬಿಡಿ. ಸೊಸೆಗೆ: ಕೂಸಿನ ಒಳ್ಳೆಯದಕ್ಕೇ ಮಾಡಿದಿರಿ, ಇನ್ನು ಕಾರ್ಡು ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಲಿ. ಅತ್ತೆಗೆ: ಲಸಿಕೆಯಾದ ಮೇಲೆ ಅರ್ಧ ತಾಸು ಅಲ್ಲೇ ಕೂತು ಕೂಸನ್ನು ನೋಡಿಕೊಳ್ಳುವವರು ನೀವೇ. ತೊಡೆಗೆ ತಣ್ಣೀರ ಬಟ್ಟೆ ಇಡಬಹುದು, ತಿಕ್ಕಬಾರದು, ಎಣ್ಣೆ ಅರಿಶಿನ ಹಚ್ಚಬಾರದು. ಜ್ವರದ ಹನಿ ಎಷ್ಟು ಎಂಬುದು ಕೂಸಿನ ತೂಕ ನೋಡಿ ಡಾಕ್ಟರು ಬರೆದಷ್ಟೇ. ಮೂರು ತಾಸಾದರೂ ಅಳು ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಕೂಸು ಜೋತುಬಿದ್ದರೆ ಬೆಳಗಿನ ತನಕ ಕಾಯದೆ ದವಾಖಾನೆಗೆ ಹೋಗಿ.

ಒಂದು ಗುರುವಾರ ಮೂರನೆಯದಾಯಿತು. ಜ್ವರ ಈ ಸಲವೂ ಬಂತು. ಅತ್ತೆ ಫೋನ್ ಮಾಡಿ ಕೇಳಿದ್ದು, ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾದ್ದು ಹಾಕುತ್ತಾರಲ್ಲ, ಅದಕ್ಕೂ ತೊಡೆ ಬಾಯುತ್ತದೇನು ಎಂದು. ಅದನ್ನು ತೋಳಿಗೆ ಹಾಕುತ್ತಾರೆ ಎಂದೆ. ಸೊಸೆಗೆ ಮಾತ್ರ ಅಸಮಾಧಾನ ಹೋಗಿಲ್ಲ; ಟ್ರಂಕು ತೆಗೆದು ನೋಡಿದ್ದಕ್ಕೆ ಅತ್ತೆ ಇನ್ನೂ ಒಂದು ಮಾತೂ ಆಡಿಲ್ಲವಂತೆ. ಮುಂದಿನ ಭೇಟಿಗೆ ಅವಳೊಬ್ಬಳನ್ನೇ ಬರಹೇಳಿದ್ದೇನೆ.